ಆರ್‌ಟಿಇ ಸೀಟು, ಸರ್ಕಾರದ ದುಡ್ಡು, ಖಾಸಗಿ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಲ್ಲೂಕಿನಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನ ಅರ್ಜಿ ತುಂಬಿಸಿಕೊಡುವ ಕೆಲಸಕ್ಕೆ ನಾನು ಕೈಹಾಕಿ ವರ್ಷಗಳೇ ಆದವು. ಅರ್ಜಿ ಹಾಕಿಸಿ ಸೀಟು ಸಿಕ್ಕ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅಸಲಿ ಪ್ರಶ್ನೆಗಳು ಶುರುವಾಗಿದ್ದೇ ಆಮೇಲೆ. ಫೋನಿನಲ್ಲಿ, ಪತ್ರದಲ್ಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೆಟ್ಟಿಲ ಮೇಲೆ ತಂದೆ ತಾಯಂದಿರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಆದಷ್ಟೂ ಅವರ ಮಾತಿನಲ್ಲೇ ಇವೆ.

## ಮೊದಲು ತಿಳಿಯಬೇಕಾದ್ದು

ಆರ್‌ಟಿಇ ಸೀಟು ಅಂದ್ರೆ ಸ್ಕಾಲರ್‌ಶಿಪ್ ತರಾನಾ? ಹಾಗಾದ್ರೆ ದುಡ್ಡು ನಮ್ಮ ಖಾತೆಗೆ ಯಾಕೆ ಬರಲ್ಲ?

ಹೆಚ್ಚುಕಡಿಮೆ ಅದೇ ತರ. ನಿಮ್ಮ ಮಗುವಿನ ಫೀಸನ್ನು ಸರ್ಕಾರ ಕಟ್ಟುತ್ತದೆ. ಆದರೆ ನೇರವಾಗಿ ಶಾಲೆಗೆ ಕಟ್ಟುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅನುದಾನ ಇಲ್ಲದ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸೀಟನ್ನು ಸುತ್ತಮುತ್ತಲಿನ ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು ಎಂದು ಅದರ ಸೆಕ್ಷನ್ 12(1)(ಸಿ) ಹೇಳುತ್ತದೆ. ಎಂಟನೇ ತರಗತಿ ಮುಗಿಯುವವರೆಗೂ ಆ ಮಕ್ಕಳಿಗೆ ಉಚಿತ. ಶಾಲೆಗೆ ಆಗುವ ಖರ್ಚನ್ನು ಸರ್ಕಾರ ತುಂಬಿಕೊಡುತ್ತದೆ. ಇದನ್ನೇ ಮರುಪಾವತಿ ಅನ್ನುತ್ತಾರೆ.

ದುಡ್ಡು ನಿಮ್ಮ ಕೈಗೆ ಬರದೇ ಇರುವುದರಿಂದ ಒಂದು ತೊಂದರೆ ಇದೆ. ನಿಮ್ಮ ಮಗುವಿನ ಹೆಸರಲ್ಲಿ ಎಷ್ಟು ಬಂತು, ಯಾವಾಗ ಬಂತು ಅನ್ನುವುದು ನಿಮಗೆ ಗೊತ್ತೇ ಆಗುವುದಿಲ್ಲ. ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟಿರುವುದು ಇಲ್ಲಿಂದಲೇ.

ಯಾರಿಗೆ ಸಿಗುತ್ತೆ?

ಕರ್ನಾಟಕದಲ್ಲಿ ಆ 25ರಲ್ಲಿ 7.5 ಪರಿಶಿಷ್ಟ ಜಾತಿಗೆ, 1.5 ಪರಿಶಿಷ್ಟ ಪಂಗಡಕ್ಕೆ, ಉಳಿದ 16 ಇತರರಿಗೆ ಎಂದು ಹಂಚಿದ್ದಾರೆ. ಇತರರಲ್ಲಿ ಆದಾಯದ ಮೇಲೆ ಬರುವ ಕುಟುಂಬಗಳಿಗೆ ವರ್ಷಕ್ಕೆ 3.5 ಲಕ್ಷ ರೂ. ಮಿತಿ. ಅನಾಥ ಮಕ್ಕಳು, ಎಚ್‌ಐವಿ ಬಾಧಿತ ಮಕ್ಕಳು, ವಿಶೇಷ ಅಗತ್ಯವಿರುವ ಮಕ್ಕಳು, ವಲಸೆ ಬಂದವರ ಮಕ್ಕಳಿಗೆ ಆದ್ಯತೆ ಇದೆ.

ಪೋರ್ಟಲ್‌ನಲ್ಲಿ ನಮ್ಮ ಮನೆ ಪಕ್ಕದ ಕಾನ್ವೆಂಟೇ ತೋರಿಸ್ತಿಲ್ಲ. ಯಾರೋ ಬೇಕಂತ ತೆಗೆದುಹಾಕಿದ್ದಾರಾ?

ನಿಯಮವೇ ಬದಲಾಗಿದೆ. 2019ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ತನ್ನ ನಿಯಮಕ್ಕೆ ತಿದ್ದುಪಡಿ ತಂತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಿಲ್ಲ ಎಂದಾಯಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ದುಡ್ಡು ಖಾಸಗಿಗೆ ಹೋಗುತ್ತಿದೆ ಅನ್ನುವುದು ಅದರ ಹಿಂದಿನ ವಾದ. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಮೊದಲು ವರ್ಷಕ್ಕೆ ಲಕ್ಷ ದಾಟುತ್ತಿದ್ದ ಸೀಟುಗಳು ಒಮ್ಮೆಲೇ ಕುಸಿದವು. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ಫಲ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಹಾಗಂತ ಹಳೆಯ ಸೀಟಿನ ಲೆಕ್ಕ ಮುಗಿದಿಲ್ಲ. 2018-19ರಲ್ಲಿ ಎಲ್‌ಕೆಜಿಗೆ ಸೇರಿದ ಮಗು ಎಂಟನೇ ತರಗತಿ ಮುಗಿಸುವುದು 2028ರ ಬೇಸಿಗೆಯಲ್ಲಿ. ಅಲ್ಲಿಯವರೆಗೂ ಶಾಲೆಗಳಿಗೆ ಸರ್ಕಾರದ ದುಡ್ಡು ಹೋಗಬೇಕು, ಶಾಲೆಗಳು ಅದಕ್ಕೆ ಉತ್ತರ ಕೊಡಬೇಕು.

## ದುಡ್ಡಿನ ಮಾತು

ಒಂದು ಮಗುವಿಗೆ ಶಾಲೆಗೆ ಎಷ್ಟು ಬರುತ್ತೆ? ನಿಜ ಹೇಳಿ.

ಕಾಯ್ದೆಯ ಸೂತ್ರ ಸರಳ. ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ಮತ್ತು ಖಾಸಗಿ ಶಾಲೆ ತೆಗೆದುಕೊಳ್ಳುವ ಫೀಸು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕರ್ನಾಟಕದಲ್ಲಿ ಮೊದಲು ಒಂದನೇ ತರಗತಿಯಿಂದ ಮೇಲಕ್ಕೆ ಗರಿಷ್ಠ 11,848 ರೂ., ಪೂರ್ವ ಪ್ರಾಥಮಿಕಕ್ಕೆ 5,924 ರೂ. ಇತ್ತು. ಆಮೇಲೆ ಅದನ್ನು 16,000 ಮತ್ತು 8,000ಕ್ಕೆ ಏರಿಸಿದರು.

ಲೆಕ್ಕ ಹಾಕೋಣ. ಶಾಲೆಯ ಫೀಸು 12,000 ಇದ್ದರೆ ಸರ್ಕಾರ ಕೊಡುವುದು 12,000. ಫೀಸು 45,000 ಇದ್ದರೆ ಸರ್ಕಾರ ಕೊಡುವುದು 16,000. ಉಳಿದ 29,000 ಶಾಲೆಯೇ ಹೊರಬೇಕು, ನಿಮ್ಮ ಹತ್ತಿರ ಕೇಳುವ ಹಾಗಿಲ್ಲ. 16,000 ಮತ್ತು 8,000ದ ದರದಲ್ಲಿ ಒಂದು ಮಗು ಎಲ್‌ಕೆಜಿಯಿಂದ ಎಂಟನೇ ತರಗತಿವರೆಗೆ ಓದಿದರೆ ಹೆಚ್ಚೆಂದರೆ 1,44,000 ರೂ. ಆಗುತ್ತದೆ. ತಿಂಗಳಿಗೆ ನೋಡಿದರೆ ಸಣ್ಣ ಮೊತ್ತ ಅನ್ನಿಸಬಹುದು. ಕೂಲಿ ಮಾಡುವ ಮನೆಗೆ ಅದು ಸಣ್ಣದಲ್ಲ. ಆ ದುಡ್ಡು ಜನರ ತೆರಿಗೆಯದ್ದು.

ಫೀಸ್ ಇಲ್ಲ ಅಂತಾರೆ, ಆದ್ರೆ ಸ್ಮಾರ್ಟ್ ಕ್ಲಾಸು, ಡೆವಲಪ್‌ಮೆಂಟು, ಸ್ಪೋರ್ಟ್ಸು ಅಂತ ಚೀಟಿ ಕೊಡ್ತಾರೆ. ಕಟ್ಟಬೇಕಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಒಮ್ಮೆ ಒಬ್ಬ ತಾಯಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಚೀಟಿ ಬಿಚ್ಚಿ ತೋರಿಸಿದರು. ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಅರ್ಧ ಹಾಳೆ. ಮೇಲೆ ಮಗುವಿನ ಹೆಸರು, ಕೆಳಗೆ 'ಡೆವಲಪ್‌ಮೆಂಟ್ 6,500', ಪಕ್ಕದಲ್ಲಿ ಒಂದು ಸುರುಳಿ ಸಹಿ. ಶಾಲೆಯ ಹೆಸರಿಲ್ಲ, ಸೀಲಿಲ್ಲ, ರಸೀದಿ ನಂಬರಿಲ್ಲ. ಹೂವು ಕಟ್ಟಿ ಮಾರಿ ಮೂರು ಕಂತಿನಲ್ಲಿ ಕಟ್ಟಿದ್ದರು. "ಕಟ್ಟದಿದ್ರೆ ಹುಡುಗೀನ ಹೊರಗೆ ನಿಲ್ಲಿಸ್ತಾರಣ್ಣ" ಅಂದರು.

ಶಾಲೆಗೆ ಬರಲು ಅಡ್ಡಿಯಾಗುವ ಯಾವ ಶುಲ್ಕ, ಖರ್ಚನ್ನೂ ಮಗುವಿನ ಮೇಲೆ ಹೇರಬಾರದು ಎಂದು ಕಾಯ್ದೆಯ ಸೆಕ್ಷನ್ 3 ಹೇಳುತ್ತದೆ. ಈ ಸೀಟಿನ ಮಕ್ಕಳಿಗೆ ಪಠ್ಯಪುಸ್ತಕ, ಬರೆಯುವ ಸಾಮಗ್ರಿ, ಸಮವಸ್ತ್ರ ಉಚಿತ ಎಂದು ಕೇಂದ್ರದ 2010ರ ನಿಯಮಗಳಲ್ಲಿ ಇದೆ. ಆದ್ದರಿಂದ ಯಾರಾದರೂ ದುಡ್ಡು ಕೇಳಿದರೆ ಜಗಳ ಬೇಡ, ಸೀಲು ಇರುವ ರಸೀದಿ ಕೊಡಿ ಅಂತ ಕೇಳಿ. ಯಾವ ಬಾಬ್ತು ಅಂತ ಅದರಲ್ಲಿ ಬರೆಯಲು ಹೇಳಿ. ನಾನು ಕಂಡ ಹಾಗೆ ಈ ಎರಡು ಮಾತಿಗೇ ಅರ್ಧಕ್ಕರ್ಧ ಬೇಡಿಕೆ ನಿಂತುಹೋಗುತ್ತದೆ.

ಶಾಲಾ ವ್ಯಾನು, ಪ್ರವಾಸ, ಶಾಲೆ ಬಿಟ್ಟ ಮೇಲಿನ ಟ್ಯೂಷನ್ ಬೇರೆ ಮಾತು. ಬೇಕಾದವರು ತೆಗೆದುಕೊಳ್ಳುವಂಥವು ಅವು. ಕಡ್ಡಾಯ ಮಾಡಿದರೆ ಮಾತ್ರ ಆಕ್ಷೇಪಿಸಿ.

"ಸರ್ಕಾರ ಎರಡು ವರ್ಷದಿಂದ ದುಡ್ಡೇ ಕೊಟ್ಟಿಲ್ಲ, ನೀವೇ ಕಟ್ಟಿ" ಅಂತಾರೆ. ಪಾಪ ಅವರದ್ದೂ ಕಷ್ಟ ಅಲ್ವಾ?

ಕಷ್ಟ ಹೌದು. ಮರುಪಾವತಿ ಎಷ್ಟೋ ಸಲ ತಡವಾಗುತ್ತದೆ. ಕಡಿಮೆ ಫೀಸಿನ ಸಣ್ಣ ಶಾಲೆಗೆ ಇದು ದೊಡ್ಡ ಹೊಡೆತ. ಟೀಚರ್‌ಗಳ ಸಂಬಳವೇ ನಿಲ್ಲುತ್ತದೆ. ಲೆಕ್ಕ ಕೊಡಿ ಎಂದು ಶಾಲೆಯನ್ನು ಕೇಳುವ ಸರ್ಕಾರ ತಾನೂ ಹೊತ್ತಿಗೆ ಸರಿಯಾಗಿ ಕೊಡಬೇಕು. ಈ ವಿಷಯದಲ್ಲಿ ನಾನು ಶಾಲೆಗಳ ಪರ.

ಆದರೆ ಆ ಬಾಕಿ ಇರುವುದು ಶಾಲೆಗೂ ಸರ್ಕಾರಕ್ಕೂ ಮಧ್ಯೆ. ಮಗು ಅದಕ್ಕೆ ಜಾಮೀನು ಬಿದ್ದಿಲ್ಲ. ದುಡ್ಡು ಬಂದಿಲ್ಲ ಎಂದು ಮಗುವನ್ನು ತರಗತಿಯಿಂದ ಹೊರಗೆ ನಿಲ್ಲಿಸುವುದು, ಪರೀಕ್ಷೆಗೆ ಕೂರಿಸದಿರುವುದು, ಅಂಕಪಟ್ಟಿ ತಡೆಹಿಡಿಯುವುದು ಖಂಡಿತ ತಪ್ಪು. "ಸರಿ ಸಾರ್, ಬಾಕಿ ಎಷ್ಟಿದೆ ಅಂತ ಬರೆದು ಕೊಡಿ, ನಾವೂ ಬಿಇಒಗೆ ಮನವಿ ಕೊಡ್ತೀವಿ" ಅನ್ನಿ. ನಿಜವಾಗಿ ಕಷ್ಟದಲ್ಲಿರುವ ಶಾಲೆ ಖುಷಿಯಿಂದ ಬರೆದುಕೊಡುತ್ತದೆ.

ಶಾಲೆ ಇರೋದು ಸರ್ಕಾರ ಕೊಟ್ಟ ಜಾಗದಲ್ಲಿ. ಅದಕ್ಕೂ ಮರುಪಾವತಿ ಕೊಡ್ತಾರಾ?

ಒಳ್ಳೆ ಪ್ರಶ್ನೆ, ಕೇಳುವವರು ಕಡಿಮೆ. ಜಾಗ, ಕಟ್ಟಡ ಅಥವಾ ಬೇರೆ ಸೌಲಭ್ಯವನ್ನು ಉಚಿತವಾಗಿಯೋ ರಿಯಾಯಿತಿಯಲ್ಲೋ ಪಡೆದು, ಅದಕ್ಕೆ ಬದಲಾಗಿ ಇಷ್ಟು ಮಕ್ಕಳಿಗೆ ಉಚಿತವಾಗಿ ಕಲಿಸುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ಶಾಲೆಗೆ ಅಷ್ಟರಮಟ್ಟಿಗೆ ಮರುಪಾವತಿ ಇಲ್ಲ. ಸೆಕ್ಷನ್ 12(2)ರಲ್ಲೇ ಇದು ಇದೆ. ನಗರಗಳಲ್ಲಿ ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಗುತ್ತಿಗೆಗೆ ಪಡೆದ ಶಾಲೆಗಳ ಕರಾರು ಪತ್ರ ತೆಗೆಸಿ ಓದಬೇಕು. ಅದರಲ್ಲಿ ಅಂಥ ಷರತ್ತು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

## ಶಾಲೆಯ ಒಳಗೆ

ನಮ್ಮ ಹುಡುಗನ್ನ 'ಆರ್‌ಟಿಇ ಸೆಕ್ಷನ್' ಅಂತ ಬೇರೆ ಕೂರಿಸಿದ್ದಾರೆ. ಇದು ನಡೆಯುತ್ತಾ?

ಇಲ್ಲ. ಈ ಮಕ್ಕಳನ್ನು ತರಗತಿಯಲ್ಲಿ ಬೇರೆ ಮಾಡಬಾರದು, ಬೇರೆ ಜಾಗದಲ್ಲಿ ಬೇರೆ ಹೊತ್ತಿನಲ್ಲಿ ಪಾಠ ಮಾಡಬಾರದು ಎಂದು ಕೇಂದ್ರದ ನಿಯಮಗಳು ಹೇಳುತ್ತವೆ. ಪುಸ್ತಕ, ಸಮವಸ್ತ್ರ, ಲೈಬ್ರರಿ, ಕಂಪ್ಯೂಟರ್, ಆಟ, ಯಾವುದರಲ್ಲೂ ಭೇದ ಮಾಡುವಂತಿಲ್ಲ.

ಬೇರೆ ಸೆಕ್ಷನ್ ಮಾಡಿದರೆ ಕಣ್ಣಿಗೆ ಬೀಳುತ್ತದೆ, ದೂರು ಕೊಡಬಹುದು. ಕಣ್ಣಿಗೆ ಬೀಳದ್ದೇ ಜಾಸ್ತಿ ನೋಯಿಸುತ್ತದೆ. ಶಾಲಾ ದಿನಾಚರಣೆಯ ಡ್ಯಾನ್ಸಿಗೆ ಹೆಸರು ಸೇರಿಸದಿರುವುದು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಆರ್' ಎಂದು ಬರೆಯುವುದು. ಎರಡನೇ ತರಗತಿಯ ಒಬ್ಬ ಹುಡುಗ "ನಾನು ಆರ್ ಅಲ್ವಾ, ನನಗೆ ಡೈರಿ ಇಲ್ಲ" ಎಂದು ಮಾಮೂಲಿ ವಿಷಯದ ಹಾಗೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ದಿನಾ ಸಂಜೆ ಮಗುವಿನ ಜೊತೆ ಮಾತಾಡಿ. ಇಂಥದ್ದು ಮಕ್ಕಳ ಬಾಯಿಂದಲೇ ಬರಬೇಕು.

ಓದಿನಲ್ಲಿ ಹಿಂದೆ ಅಂತ ಟಿಸಿ ತಗೊಂಡು ಹೋಗಿ ಅಂತಿದ್ದಾರೆ.

ಎಂಟನೇ ತರಗತಿ ಮುಗಿಯುವವರೆಗೂ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಫೇಲ್ ಮಾಡುವ ಬಗ್ಗೆ 2019ರಲ್ಲಿ ಸೆಕ್ಷನ್ 16ಕ್ಕೆ ತಿದ್ದುಪಡಿ ಆಯಿತು, ಆದರೆ ಹೊರಹಾಕಬಾರದು ಅನ್ನುವ ಮಾತು ಹಾಗೇ ಉಳಿದಿದೆ. "ಪೋಷಕರ ಸ್ವಇಚ್ಛೆಯಿಂದ" ಎಂದು ಬರೆದ ಟಿಸಿ ಅರ್ಜಿಗೆ ಯಾರ ಒತ್ತಾಯಕ್ಕೂ ಸಹಿ ಹಾಕಬೇಡಿ. ಸಹಿ ಬಿದ್ದ ಮೇಲೆ ವಾದ ಮಾಡುವುದು ತುಂಬ ಕಷ್ಟ. ನೀವೇ ಸರ್ಕಾರಿ ಶಾಲೆಗೆ ಹೋಗಬೇಕು ಅಂದುಕೊಂಡರೆ ಮಾತ್ರ ಟಿಸಿ ಕೇಳಿ. ಆಗ ಮುಖ್ಯ ಶಿಕ್ಷಕರು ಕೂಡಲೇ ಕೊಡಬೇಕು.

ದುಡ್ಡು ಹೋಗ್ತಿದೆ ಸರಿ, ಮಗು ಕಲೀತಾ ಇದೆಯಾ ಅಂತ ಯಾರು ನೋಡ್ತಾರೆ?

ಶಾಲೆಗೆ ಮಾನ್ಯತೆ ಬೇಕು. ಕೊಠಡಿ, ಶೌಚಾಲಯ, ಶಿಕ್ಷಕರ ಸಂಖ್ಯೆ ಕಾಯ್ದೆಯ ಅನುಸೂಚಿಯಂತೆ ಇರಬೇಕು. ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ತರಗತಿಗಳಲ್ಲಿ 35ಕ್ಕೆ ಒಬ್ಬರು. ಸರ್ಕಾರ ಕೇಳಿದ ಮಾಹಿತಿಯನ್ನು ಶಾಲೆ ಕೊಡಲೇಬೇಕು ಎಂದು ಸೆಕ್ಷನ್ 12(3) ಹೇಳುತ್ತದೆ.

ಆದರೆ ಗಮನಿಸಿ, ಇಲ್ಲಿ ಕೇಳುವುದು ಗೋಡೆ, ಬಾಗಿಲು, ತಲೆಗಳ ಲೆಕ್ಕ. ಮರುಪಾವತಿಗೆ ಮಗು ದಾಖಲಾಗಿರಬೇಕು, ಓದುತ್ತಿರಬೇಕು. ಕನ್ನಡ ಓದಲು ಬಂತಾ, ಭಾಗಾಕಾರ ಬಂತಾ ಅನ್ನುವುದಕ್ಕೂ ಬಿಲ್ಲಿಗೂ ಸಂಬಂಧವೇ ಇಲ್ಲ. ನನ್ನ ದೊಡ್ಡ ತಕರಾರು ಇದೇ. ಮಕ್ಕಳ ಅಂಕ ನೋಡಿ ಶಾಲೆಯ ದುಡ್ಡು ಕತ್ತರಿಸಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಹಿಂದುಳಿದ ಮಗುವನ್ನೇ ಹೊರಗೆ ದಬ್ಬುತ್ತಾರೆ. ಸೇರಿದವರಲ್ಲಿ ಎಷ್ಟು ಮಕ್ಕಳು ಎಂಟನೇ ತರಗತಿವರೆಗೆ ಉಳಿದರು, ಎಷ್ಟು ಮಕ್ಕಳು ಮಧ್ಯದಲ್ಲೇ ಬಿಟ್ಟರು, ಯಾಕೆ ಬಿಟ್ಟರು ಎಂದು ಶಾಲೆವಾರು ಪ್ರಕಟಿಸಲಿ. ಪ್ರತಿ ಮಗುವಿನ ದಾಖಲೆಯೂ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಇದೆ. ಅಂಕಿ ತೆಗೆಯುವುದು ದೊಡ್ಡ ಕೆಲಸವಲ್ಲ.

## ದೂರು ಕೊಡುವಾಗ

ಮೊದಲು ಯಾರ ಹತ್ರ ಹೋಗಬೇಕು?

ಮೊದಲು ಶಾಲೆಗೇ ಬರೆದು ಕೊಡಿ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಅಲ್ಲಿ ಆಗದಿದ್ದರೆ ಜಿಲ್ಲೆಯ ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ಸೆಕ್ಷನ್ 32ರ ಪ್ರಕಾರ ಸ್ಥಳೀಯ ಪ್ರಾಧಿಕಾರ ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಬಾಯಿಮಾತಿನ ದೂರಿಗೆ ಬೆಲೆ ಇಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಮೂರು ತಿಂಗಳು ಎಣಿಸಲು ಆ ದಿನಾಂಕ ಬೇಕು. ಮಗುವಿಗೆ ಹೊಡೆದರೆ, ಬೈದು ಅವಮಾನ ಮಾಡಿದರೆ ಕಾಯುತ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ದೂರು ಕೊಟ್ರೆ ಮಗು ಮೇಲೆ ಹಗೆ ಸಾಧಿಸ್ತಾರೆ ಅಂತ ಭಯ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಮಗು ದಿನಕ್ಕೆ ಆರೇಳು ಗಂಟೆ ಅವರ ಕೈಯಲ್ಲಿರುತ್ತದೆ. ಅದಕ್ಕೇ ನಾನು ಒಬ್ಬರನ್ನೇ ಮುಂದೆ ಬಿಡುವುದಿಲ್ಲ. ಅದೇ ಶಾಲೆಯ ನಾಲ್ಕೈದು ಪೋಷಕರು ಸೇರಿ ಒಂದೇ ಅರ್ಜಿ ಕೊಟ್ಟರೆ ಒಂದು ಮಗುವಿನ ಮೇಲೆ ಕಣ್ಣು ಬೀಳುವುದಿಲ್ಲ. ಫೀಸು ಕಟ್ಟುವ ಪೋಷಕರಲ್ಲೂ ನಿಮ್ಮ ಪರ ನಿಲ್ಲುವವರು ಇದ್ದಾರೆ, ಕೇಳಿ ನೋಡಿ. ಎಷ್ಟೋ ಟೀಚರ್‌ಗಳು ಈ ಮಕ್ಕಳನ್ನು ಸ್ವಂತ ಮಕ್ಕಳಂತೆ ನೋಡಿಕೊಳ್ಳುತ್ತಾರೆ. ದೂರಿನಲ್ಲಿ ಅವರನ್ನೂ ಸೇರಿಸಿ ದೂರಬೇಡಿ.

ಶಾಲೆಗೆ ಎಷ್ಟು ದುಡ್ಡು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ? ಖಾಸಗಿಯವರು ಕೊಡಲ್ಲ ಅಂತಾರಲ್ಲ?

ಶಾಲೆಯನ್ನು ಕೇಳಬೇಡಿ, ಬಿಇಒ ಕಚೇರಿಯನ್ನು ಕೇಳಿ. ದುಡ್ಡು ಬಿಡುಗಡೆಯಾದ ದಾಖಲೆ ಇಲಾಖೆಯದ್ದೇ. ಖಾಸಗಿ ಸಂಸ್ಥೆಯಿಂದ ಸರ್ಕಾರಿ ಕಚೇರಿ ಕಾನೂನುಬದ್ಧವಾಗಿ ಪಡೆಯಬಹುದಾದ ಮಾಹಿತಿಯೂ 'ಮಾಹಿತಿ'ಯೇ ಎಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) ಹೇಳುತ್ತದೆ.

ಶುಲ್ಕ 10 ರೂ., ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಪೀಠಿಕೆ, ನೋವು, ಸಿಟ್ಟು ಬಿಟ್ಟು ಇಷ್ಟೇ ಕೇಳಿ: ಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ) ಇಂತಿಂಥ ಶಾಲೆಗೆ, ಇಂತಿಂಥ ಸಾಲಿನಲ್ಲಿ, ತರಗತಿವಾರು ಎಷ್ಟು ಆರ್‌ಟಿಇ ಮಕ್ಕಳಿಗೆ ಎಷ್ಟು ಮರುಪಾವತಿ ಆಯಿತು, ಯಾವ ದಿನಾಂಕದಂದು, ಶಾಲೆ ಘೋಷಿಸಿದ ಫೀಸು ಎಷ್ಟು. 30 ದಿನದಲ್ಲಿ ಉತ್ತರ ಬರಬೇಕು. ಮಕ್ಕಳ ಹೆಸರು ಮಾತ್ರ ಕೇಳಬೇಡಿ. ಶಾಲೆಯ ಲೆಕ್ಕ ಬಯಲಾಗಲಿ, ಮಗು ಬಡವರ ಮನೆಯದ್ದು ಅನ್ನುವುದನ್ನು ಊರಿಗೆಲ್ಲ ಸಾರಬೇಕಿಲ್ಲ.

## ಸ್ವಲ್ಪ ಆಳಕ್ಕೆ ಹೋದರೆ

ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ, ಅಂದ್ರೆ ಪೋಷಕರು ಇರೋ ಶಾಲಾ ಸಮಿತಿ ಇದೆ. ಖಾಸಗಿ ಶಾಲೆಯಲ್ಲಿ ನಮ್ಮ ಮಾತು ಎಲ್ಲಿ ಹೇಳೋದು?

ಕಾಯ್ದೆಯ ದೊಡ್ಡ ಕಿಂಡಿ ಇದೇ ಅಂತ ನನ್ನ ಅಭಿಪ್ರಾಯ. ಪೋಷಕರು ಮುಕ್ಕಾಲು ಭಾಗ ಇರುವ ಸಮಿತಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬೇಕು ಎಂದು ಸೆಕ್ಷನ್ 21 ಹೇಳುತ್ತದೆ. ಅನುದಾನ ಇಲ್ಲದ ಶಾಲೆಯನ್ನು ಅದರಿಂದ ಬಿಟ್ಟಿದ್ದಾರೆ. ಸೀಟಿನ ಕಾಲು ಭಾಗಕ್ಕೆ ಜನರ ದುಡ್ಡು ಪಡೆಯುವ ಶಾಲೆಯಲ್ಲಿ ಆ ಮಕ್ಕಳ ತಂದೆ ತಾಯಿಗೆ ಕೂತು ಕೇಳಲು ಒಂದು ಕುರ್ಚಿಯೂ ಇಲ್ಲ. ಪೋಷಕರ ಸಭೆ ಕರೆದಾಗ ತಪ್ಪಿಸಬೇಡಿ. ಸದ್ಯಕ್ಕೆ ಇರುವ ಜಾಗ ಅದೊಂದೇ.

ಸಿಎಜಿ ಬಂದು ಖಾಸಗಿ ಶಾಲೆಯ ಲೆಕ್ಕ ತಪಾಸಣೆ ಮಾಡಲ್ವಾ?

ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, ಶಿಕ್ಷಣ ಇಲಾಖೆಯ ಖರ್ಚನ್ನು ನೋಡುತ್ತದೆ. ಖಾಸಗಿ ಸಂಸ್ಥೆಯ ಲೆಕ್ಕವನ್ನೇ ಬಿಚ್ಚಬೇಕಾದರೆ 1971ರ ಸಿಎಜಿ ಕಾಯ್ದೆಯ ಸೆಕ್ಷನ್ 14ರಲ್ಲಿ ಒಂದು ಗೆರೆ ಇದೆ. ಸರ್ಕಾರದ ಅನುದಾನ ಅಥವಾ ಸಾಲ ವರ್ಷಕ್ಕೆ 25 ಲಕ್ಷ ರೂ.ಗಿಂತ ಕಡಿಮೆ ಇರಬಾರದು, ಸಂಸ್ಥೆಯ ಖರ್ಚಿನ ಶೇ. 75ರಷ್ಟಾದರೂ ಅದೇ ಇರಬೇಕು. ಒಂದು ಶಾಲೆ ತರಗತಿಗೆ 10ರಂತೆ ಎಲ್‌ಕೆಜಿಯಿಂದ ಎಂಟರವರೆಗೆ 100 ಆರ್‌ಟಿಇ ಮಕ್ಕಳನ್ನು ಇಟ್ಟುಕೊಂಡರೂ ಗರಿಷ್ಠ ಮರುಪಾವತಿ 14.4 ಲಕ್ಷ. ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಆದ್ದರಿಂದ ಬಿಇಒ ಕಚೇರಿ ಬಿಲ್ಲಿಗೆ ಸಹಿ ಹಾಕುವ ಮುಂಚೆ ಮಾಡುವ ತಪಾಸಣೆಯೇ ನಮಗೆ ಗಟ್ಟಿ. ಮರುಪಾವತಿಗೆ ಬೇರೆಯೇ ಬ್ಯಾಂಕ್ ಖಾತೆ ಇಡಬೇಕು ಎಂದು ಕೇಂದ್ರದ ನಿಯಮದಲ್ಲಿದೆ. ಅದನ್ನು ನೋಡಿದರೆ ಸಾಕು, ಬಂದದ್ದು ಹೋದದ್ದು ಗೊತ್ತಾಗುತ್ತದೆ.

ಡೊನೇಷನ್ ಕೇಳಿದ್ರು ಅಂತ ನೇರ ಕೇಸ್ ಹಾಕಬಹುದಾ?

ದಂಡ ಜೋರಾಗಿಯೇ ಇದೆ. ಡೊನೇಷನ್ ಪಡೆದರೆ ಅದರ ಹತ್ತು ಪಟ್ಟಿನವರೆಗೆ. 20,000 ಪಡೆದರೆ 2 ಲಕ್ಷದವರೆಗೆ. ಸೇರಿಸಿಕೊಳ್ಳುವ ಮುಂಚೆ ಮಗುವನ್ನೋ ಪೋಷಕರನ್ನೋ ಸಂದರ್ಶನ ಮಾಡಿದರೆ ಮೊದಲ ಸಲ 25,000, ಆಮೇಲೆ ಪ್ರತಿ ಸಲ 50,000 ರೂ.ವರೆಗೆ. ಆದರೆ ಸರ್ಕಾರ ನೇಮಿಸಿದ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಈ ಮೊಕದ್ದಮೆ ನಡೆಯುವುದಿಲ್ಲ, ಸೆಕ್ಷನ್ 36 ಅದಕ್ಕೆ ಬೀಗ ಹಾಕಿದೆ. ದೂರಿನಲ್ಲೇ "ಸೆಕ್ಷನ್ 36ರಡಿ ಅನುಮತಿ ಕೊಡಿ" ಎಂದು ಒಂದು ಸಾಲು ಸೇರಿಸಿ. ಆಗ ಕಚೇರಿ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ.

ಶಾಲೆಯವರು "ನಾವು ಅಲ್ಪಸಂಖ್ಯಾತ ಸಂಸ್ಥೆ" ಅಂದ್ರು. ಮುಗೀತಾ?

2014ರ ಮೇನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಪ್ರಮತಿ ಪ್ರಕರಣದಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನೇ ಮತ್ತೆ ನೋಡಬೇಕು ಎಂದು ಮುಖ್ಯ ನ್ಯಾಯಮೂರ್ತಿಯವರ ಮುಂದಿಟ್ಟಿತು. ಬಾಯಲ್ಲಿ ಹೇಳಿದರೆ ಸಾಲದು, ಪ್ರಮಾಣಪತ್ರ ಇರಬೇಕು. ಡಿಡಿಪಿಐ ಕಚೇರಿಯಲ್ಲಿ ಕೇಳಿ.

ಬೇರೆ ದೇಶದಲ್ಲೂ ಹೀಗೇನಾ?

ಚಿಲಿ ದೇಶದಲ್ಲಿ 1981ರಿಂದ ಸರ್ಕಾರದ ದುಡ್ಡು ಮಗುವಿನ ಹಿಂದೆ ಖಾಸಗಿ ಶಾಲೆಗೆ ಹೋಗುತ್ತಿದೆ. ಲಾಭ, ಮೇಲ್‌ಫೀಸು (ಸರ್ಕಾರದ ದುಡ್ಡಿನ ಮೇಲೆ ಪೋಷಕರಿಂದಲೂ ಪಡೆಯುವ ಫೀಸು), ಮಕ್ಕಳನ್ನು ಆರಿಸಿಕೊಳ್ಳುವುದು ಎಲ್ಲ ಬೆಳೆದು ವಿದ್ಯಾರ್ಥಿಗಳು ಬೀದಿಗಿಳಿದರು. 2015ರ ಕಾನೂನು ಇಂಥ ಶಾಲೆಗಳಲ್ಲಿ ಈ ಮೂರಕ್ಕೂ ತಡೆ ಹಾಕಿತು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1990ರಿಂದ ವೋಚರ್, ಅಂದರೆ ಖಾಸಗಿ ಶಾಲೆಯಲ್ಲಿ ಓದಲು ಮಗುವಿಗೆ ಸರ್ಕಾರ ಕೊಡುವ ನೆರವು, ಇದೆ. ಅಲ್ಲಿ ಶಾಲೆ ಪ್ರತಿವರ್ಷ ಹೊರಗಿನ ಆಡಿಟ್ ಮಾಡಿಸಿ ಕೊಡಬೇಕು, ವೋಚರ್ ಮಕ್ಕಳು ರಾಜ್ಯದ ಪರೀಕ್ಷೆ ಬರೆಯಬೇಕು. ನಮ್ಮಲ್ಲಿ ಮೇಲ್‌ಫೀಸಿಗೆ ಮೊದಲ ದಿನದಿಂದಲೇ ತಡೆ ಇದೆ. ಅದನ್ನು ಕಾಯುವವರು ಸಾಲದು.

ಎಂಟನೇ ಕ್ಲಾಸ್ ಮುಗೀತು. ಈಗ ಒಂಬತ್ತಕ್ಕೆ 38,000 ಕಟ್ಟಿ ಅಂತಿದ್ದಾರೆ. ಏನ್ ಮಾಡೋದು?

ಕಾಯ್ದೆಯ ಉಚಿತ ಎಂಟಕ್ಕೆ ನಿಲ್ಲುತ್ತದೆ. ಒಂಬತ್ತಕ್ಕೆ ಶಾಲೆ ಫೀಸು ಕೇಳಬಹುದು. ಆದರೆ ಹಿಂದಿನ ವರ್ಷಗಳ 'ಬಾಕಿ' ಅಂತ ಏನನ್ನೂ ಅದಕ್ಕೆ ಸೇರಿಸುವಂತಿಲ್ಲ, ಅದಕ್ಕಾಗಿ ಟಿಸಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಏಳನೇ ತರಗತಿಯಲ್ಲಿರುವಾಗಲೇ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ನೋಡಿ, ಅಲ್ಲಿ ಇಂಗ್ಲಿಷ್ ಮಾಧ್ಯಮ ಇದೆಯೇ ವಿಚಾರಿಸಿ. ಶಾಲೆಯಲ್ಲೇ ಮುಂದುವರಿಸುವ ಆಸೆ ಇದ್ದರೆ ರಿಯಾಯಿತಿ ಕೇಳಿ ಪತ್ರ ಕೊಡಿ. ಒಪ್ಪಿದ ಶಾಲೆಗಳನ್ನು ನಾನು ಕಂಡಿದ್ದೇನೆ.

ಸೀಟು ಹಂಚಿಕೆ ಪತ್ರ, ಪ್ರತಿವರ್ಷದ ಅಂಕಪಟ್ಟಿ, ಕೊಟ್ಟ ಅರ್ಜಿಗಳ ಸೀಲು ಬಿದ್ದ ಪ್ರತಿ, ಕಟ್ಟಿದ ದುಡ್ಡಿನ ಚೀಟಿ, ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಡಿ. ಸೆರಗಿನಲ್ಲಿ ಚೀಟಿ ಕಟ್ಟಿಕೊಂಡು ಬಂದಿದ್ದ ಆ ತಾಯಿಗೆ ಕೊನೆಗೆ 6,500 ರೂ. ವಾಪಸ್ ಬಂದಿದ್ದು ಆ ಅರ್ಧ ಹಾಳೆಯನ್ನು ಅವರು ಎಸೆಯದೇ ಇದ್ದದ್ದರಿಂದ.